ಬಿಕ್ಕುವುದು ಬೇರೆ, ಬಿಕ್ಕಳಿಸುವುದು ಬೇರೆ: ಅಳುವಿನ ಮಾತುಗಳನ್ನು ಅನುವಾದಿಸುವಾಗ

ಪ್ರಶ್ನೆ: ಇಂಗ್ಲಿಷ್ ಕತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ಆಗಾಗ ಹಿಂದಿಯಿಂದಲೂ. ಪಾತ್ರಗಳು ಅಳುವ, ಬೇಡಿಕೊಳ್ಳುವ, ಮಾತು ತಡವರಿಸುವ ಜಾಗ ಬಂದಾಗಲೆಲ್ಲ ಸಿಕ್ಕಿಹಾಕಿಕೊಳ್ಳುತ್ತೇನೆ. ಅಳುವಿಗೆ ಇಂಗ್ಲಿಷಿನಲ್ಲಿರುವ ವೀಪ್, ಸಾಬ್, ವೇಲ್, ವಿಂಪರ್ ಎಲ್ಲವೂ ನನ್ನ ಕೈಯಲ್ಲಿ 'ಬಿಕ್ಕಿ ಬಿಕ್ಕಿ ಅತ್ತಳು' ಆಗಿಬಿಡುತ್ತವೆ. ಒಂದು ಮಾದರಿ ಕಳಿಸಿದ್ದೇನೆ. ಲಂಡನ್ನಿನ ಮನೆಯೊಂದರಲ್ಲಿ ಕೆಲಸದ ಹುಡುಗಿಯ ಮೇಲೆ ಉಂಗುರ ಕದ್ದ ಆರೋಪ ಬಂದಿದೆ. ಮೂಲ: 'ಐ... ಐ ಡಿಡಂಟ್ ಟೇಕ್ ಇಟ್,' ಶಿ ಸಾಬ್ಡ್. 'ಪ್ಲೀಸ್ ಮ್ಯಾಮ್, ಯು ಮಸ್ಟ್ ಬಿಲೀವ್ ಮಿ,' ಶಿ ಸೆಡ್ ಅರ್ನೆಸ್ಟ್‌ಲಿ. ನನ್ನ ಅನುವಾದ: 'ನಾನು... ನಾನು ಅದನ್ನು ತೆಗೆದುಕೊಳ್ಳಲಿಲ್ಲ' ಎಂದು ಅವಳು ಬಿಕ್ಕಳಿಸಿದಳು. 'ದಯವಿಟ್ಟು ಮೇಡಂ, ನೀವು ನನ್ನನ್ನು ನಂಬಲೇಬೇಕು' ಎಂದು ಅವಳು ಶ್ರದ್ಧೆಯಿಂದ ಹೇಳಿದಳು. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಆ 'ಬಿಕ್ಕಳಿಸಿದಳು' ನೋಡೋಣ. ಬಿಕ್ಕಳಿಕೆ ಬಂದವರಿಗೆ ನಾವು ನೀರು ಕುಡಿಸುತ್ತೇವೆ, ಸಮಾಧಾನ ಹೇಳುವುದಿಲ್ಲ. 'ಬಿಕ್ಕಳಿಸಿ ಅತ್ತಳು' ಅಂದರೆ ಅಡ್ಡಿಯಿಲ್ಲ, ಪಕ್ಕದಲ್ಲೇ ಅಳು ಇರುವುದರಿಂದ ಅರ್ಥ ಆ ಕಡೆಗೆ ವಾಲುತ್ತದೆ. ಒಂಟಿಯಾಗಿ ನಿಂತ 'ಬಿಕ್ಕಳಿಸಿದಳು' ಮಾತ್ರ ಊಟದ ನಡುವೆ ಬಿಕ್ಕಳಿಕೆ ಹತ್ತಿದವಳ ಚಿತ್ರ ಕೊಡುತ್ತದೆ. ಎರಡು ಮಾತುಗಳ ಬೇರು ಒಂದೇ ಆಗಿರುವುದಕ್ಕೆ ಕಾರಣವಿದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ತಾನಾಗಿ ಸೆಟೆದು, ಉಸಿರು ತುಂಡುತುಂಡಾಗಿ ಒಳಕ್ಕೆ ಸೆಳೆದುಕೊಳ್ಳುವುದು ಎರಡರಲ್ಲೂ ಉಂಟು. ತಮಿಳರ 'ವಿಕ್ಕಿ ವಿಕ್ಕಿ', ತೆಲುಗರ 'ವೆಕ್ಕಿ ವೆಕ್ಕಿ', ನಮ್ಮ 'ಬಿಕ್ಕಿ ಬಿಕ್ಕಿ' ಮೂರೂ ಆ ಸೆಳೆತಕ್ಕೆ ಇಟ್ಟ ಹೆಸರುಗಳು. ಅಂದರೆ ಬಿಕ್ಕುವುದು ಕಣ್ಣಿನ ಕೆಲಸವಲ್ಲ, ಉಸಿರಿನ ಕೆಲಸ. ಕಣ್ಣೀರು ಬತ್ತಿದ ಮೇಲೂ ಮಕ್ಕಳು ನಿದ್ದೆಯಲ್ಲಿ ಬಿಕ್ಕುತ್ತಿರುತ್ತವೆ.

ನಿಮ್ಮ ಎಲ್ಲ ತೊಡಕಿನ ಮೂಲವೂ ಇಲ್ಲೇ ಇದೆ. ಇಂಗ್ಲಿಷ್ ಕಣ್ಣು, ಉಸಿರು, ದನಿ, ಮಾತು ಎಲ್ಲವನ್ನೂ ಒಂದು ಕ್ರಿಯಾಪದದೊಳಗೆ ಮಡಿಸಿ ಇಡುತ್ತದೆ. ಕನ್ನಡ ಹಾಗೆ ಮಡಿಸುವುದಿಲ್ಲ. ನಮ್ಮಲ್ಲಿ 'ಅಳು' ಎಂಬ ಒಂದು ಬರಿಯ ಧಾತು ಇದೆ, ಉಳಿದದ್ದನ್ನೆಲ್ಲ ಅದರ ಸುತ್ತ ಕಟ್ಟಬೇಕು. ಆದ್ದರಿಂದ ನಿಘಂಟು ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಸಾಬ್‌ಗೆ ಕನ್ನಡದಲ್ಲಿ ಏನು?' ಅಂತಲ್ಲ. 'ಈ ಅಳು ಮೈಯಲ್ಲಿ ಎಲ್ಲಿದೆ?' ಅಂತ. ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರು ಒಂದು, ಸ್ವರಭೇದ ಇನ್ನೊಂದು. ಕಣ್ಣೀರನ್ನೂ ಕದಲುವ ದನಿಯನ್ನೂ ಬೇರೆ ಬೇರೆಯಾಗಿ ಎಣಿಸಿದ ಆ ಲೆಕ್ಕ ಅನುವಾದಕರಿಗೆ ಚೆನ್ನಾಗಿ ಒದಗುತ್ತದೆ.

ಕಣ್ಣಿನಲ್ಲೇ ನಿಂತ ಅಳುವಿಗೆ ಸದ್ದಿಲ್ಲ. ಕಣ್ಣು ತುಂಬಿ ಬಂತು, ಹನಿಗಣ್ಣಾದರು, ಕಣ್ಣೀರು ಹಾಕಿದಳು, ಕಣ್ಣೀರಿಟ್ಟರು. 'ಹಾಕು' ಮನೆಮಾತು, 'ಇಡು' ಬರಹದ ಮಾತು. ಇಂಗ್ಲಿಷಿನ ವೀಪ್ ಬಹಳ ಸಲ ಬಂದು ನಿಲ್ಲುವುದು ಇಲ್ಲಿ, ಆದರೆ ಯಾವಾಗಲೂ ಅಲ್ಲ. ಬೈಬಲ್ಲಿನ ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಲಾಜರ ಸತ್ತಾಗ ಮರಿಯಳೂ ಜೊತೆಗಿದ್ದವರೂ ಅಳುವುದಕ್ಕೆ ಗ್ರೀಕ್ ಮೂಲ 'ಕ್ಲಾಯೋ' ಎಂಬ ಕ್ರಿಯಾಪದ ಬಳಸುತ್ತದೆ, ಅದು ಬಾಯಿಬಿಟ್ಟು ಅಳುವುದು. ಎರಡೇ ವಾಕ್ಯದ ಆಚೆ, 35ನೇ ವಚನದಲ್ಲಿ ಯೇಸು ಅಳುವುದಕ್ಕೆ ಬರುವುದು 'ದಕ್ರುಓ' ಎಂಬ ಬೇರೆ ಕ್ರಿಯಾಪದ, ಕಣ್ಣೀರು ಎಂಬ ನಾಮಪದದಿಂದಲೇ ಹುಟ್ಟಿದ್ದು. ಹಳೆಯ ಇಂಗ್ಲಿಷ್ ಅನುವಾದ ಎರಡಕ್ಕೂ ವೀಪ್ ಎಂದೇ ಬರೆದು ವ್ಯತ್ಯಾಸವನ್ನು ಅಳಿಸಿಬಿಟ್ಟಿತು. ಕನ್ನಡದಲ್ಲಿ ಅದನ್ನು ಕಳೆದುಕೊಳ್ಳಬೇಕಾಗಿಲ್ಲ: ಅವರು 'ಗೋಳಾಡುತ್ತಿದ್ದರು', ಯೇಸು 'ಕಣ್ಣೀರು ಬಿಟ್ಟನು'. ಮೂಲ ಇಂಗ್ಲಿಷಲ್ಲದ ಕೃತಿಯನ್ನು ಇಂಗ್ಲಿಷ್ ಮೂಲಕ ಅನುವಾದಿಸುವವರು ಇದನ್ನು ನೆನಪಿಡಬೇಕು. ಜಪಾನಿ ಭಾಷೆಯಲ್ಲಿ ಸಣ್ಣಗೆ, ಎಡೆಬಿಡದೆ ಅಳುವುದಕ್ಕೆ 'ಶಿಕುಶಿಕು', ಬಾಯಿತೆರೆದು ಅಳುವುದಕ್ಕೆ 'ವಾವಾ' ಎಂಬ ಅನುಕರಣ ಪದಗಳಿವೆ. ನಮ್ಮ 'ಮುಸುಮುಸು', 'ಗೊಳೋ' ಅವಕ್ಕೆ ಇಂಗ್ಲಿಷಿಗಿಂತ ಹತ್ತಿರದ ನೆಂಟರು, ನಡುವೆ ಇಂಗ್ಲಿಷ್ ಬಂದಾಗ ಆ ನಂಟು ಕಡಿಯುತ್ತದೆ.

ಗಂಟಲಿಗೆ ಬಂದಾಗ ಜಾರುವ ಜಾಗಗಳು ಹೆಚ್ಚು. 'ಗಂಟಲು ಕಟ್ಟಿತು' ಅಂದರೆ ನೆಗಡಿಯೂ ಆಗಬಹುದು, ದುಃಖವೂ ಆಗಬಹುದು. ದುಃಖವೇ ಎಂದು ಸ್ಪಷ್ಟವಾಗಬೇಕಾದರೆ 'ಗಂಟಲು ಬಿಗಿದು ಬಂತು', 'ಕೊರಳ ಸೆರೆ ಉಬ್ಬಿತು'. 'ಹರ್ ವಾಯ್ಸ್ ಬ್ರೋಕ್' ಎಂಬುದನ್ನು 'ಅವಳ ದನಿ ಒಡೆಯಿತು' ಎಂದು ಮಾಡಿದ ಸಬ್‌ಟೈಟಲ್‌ಗಳು ಬೇಕಾದಷ್ಟಿವೆ. ಕನ್ನಡದಲ್ಲಿ ದನಿ ಒಡೆಯುವುದು ಮೀಸೆ ಚಿಗುರುವ ಹುಡುಗರಿಗೆ. ಅಲ್ಲಿಗೆ 'ದನಿ ನಡುಗಿತು', 'ದನಿ ಕಂಪಿಸಿತು', ತುಸು ಗಂಭೀರ ಬರಹವಾದರೆ 'ಗದ್ಗದಳಾದಳು' ಸರಿ. 'ಶಿ ಚೋಕ್ಡ್' ಎಂಬುದು 'ಉಸಿರುಗಟ್ಟಿತು' ಆಗಬಾರದು, ಆಂಬುಲೆನ್ಸ್ ಕರೆಯಬೇಕಾದೀತು. 'ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು' ಎಂಬ ಹದವಾದ ಮಾತು ನಮ್ಮಲ್ಲೇ ಇದೆ.

ದನಿಯ ಅಳುವಿನಲ್ಲಿ ಕನ್ನಡ ಶ್ರೀಮಂತ. ನೆನಪಿಡಬೇಕಾದ್ದು ಏನೆಂದರೆ ಈ ಅನುಕರಣ ಪದಗಳು ಸದ್ದನ್ನಷ್ಟೇ ಅಲ್ಲ, ಹೇಳುವವನ ನೋಟವನ್ನೂ ಹೊತ್ತಿರುತ್ತವೆ. 'ಗಳಗಳನೆ ಅತ್ತ' ಅಂದಾಗ ಕತೆಗಾರನಿಗೆ ಅವನ ಮೇಲೆ ಮರುಕವಿದೆ. 'ಗೊಳೋ ಎಂದು ಅತ್ತ' ಅಂದಾಗ, ದೊಡ್ಡವರ ವಿಷಯದಲ್ಲಿ, ಸ್ವಲ್ಪ ಹಾಸ್ಯ ಬೆರೆಯುತ್ತದೆ. 'ಮುಳುಮುಳು ಅತ್ತ' ಅಂದರೆ ಅಸಹನೆ ಇಣುಕುತ್ತದೆ, ಪಕ್ಕದಲ್ಲೇ ಅಳುಮುಂಜಿ ಎಂಬ ಬೈಗುಳ ಕಾದು ಕೂತಿರುತ್ತದೆ. 'ಮುಸುಮುಸು' ಎಂಬುದು ಸೆರಗಿನ, ದಿಂಬಿನ, ಬಾಗಿಲ ಹಿಂದಿನ ಅಳು. ಅದನ್ನು 'ಮುಸಿಮುಸಿ' ಎಂದು ಬರೆದರೆ ನಗುವಾಗಿಬಿಡುತ್ತದೆ, ಒಂದು ಕೊಂಬಿನ ಅಂತರ. 'ರಚ್ಚೆ ಹಿಡಿ' ಮಕ್ಕಳಿಗೆ ಮಾತ್ರ. ಜೋರಾಗಿ ಅಳುವುದಕ್ಕೆ ಇಂಗ್ಲಿಷಿನಲ್ಲಿರುವ ಬ್ಲಬರ್‌ನಲ್ಲಿ ತಿರಸ್ಕಾರ ಇರುವುದರಿಂದ ಅದಕ್ಕೆ ಗೊಳೋ ಹೊಂದುತ್ತದೆ, ಮೂಗು ಸುರಿಸಿಕೊಂಡು ಅಳುವ ಸ್ನಿವೆಲ್‌ಗೆ 'ಮೂಗೆಳೆಯುತ್ತಾ'. ವಿಂಪರ್ ನಾಯಿಯದಾದರೆ 'ಕುಂಯ್‌ಗುಟ್ಟಿತು', ಗಾಯಗೊಂಡ ಮನುಷ್ಯನದಾದರೆ 'ನರಳಿದ', ಹೆದರಿದ ಮಗುವಿನದಾದರೆ ಬಹುಶಃ 'ಸಣ್ಣಗೆ ಅಳತೊಡಗಿತು' ಸಾಕು. ಎಲ್ಲ ಇಂಗ್ಲಿಷ್ ಪದಕ್ಕೂ ಒಂದು ಬಣ್ಣದ ಕನ್ನಡ ಪದ ಹುಡುಕುವ ಹಟ ಬೇಡ. ಬರಿಯ 'ಅತ್ತಳು' ಇರುವುದರಲ್ಲೇ ಗಟ್ಟಿ ಪದ.

ಮಾತು ಬೆರೆತ ಅಳು ಇನ್ನೊಂದು ಜಾತಿ. ಹಲುಬುವುದು, ಗೋಳಾಡುವುದು, ಗೋಳಿಡುವುದು. ವೇಲ್ ಇಲ್ಲಿಗೆ ಬರುತ್ತದೆ, ವಾಕ್ಯದಲ್ಲಿ ಮಾತೇ ಇಲ್ಲದಿದ್ದರೆ 'ಹೋ ಎಂದು ಚೀರಿದಳು'. ಸತ್ತವರ ಗುಣವನ್ನು ರಾಗವಾಗಿ ಹೇಳಿಕೊಂಡು ಅಳುವುದಕ್ಕೆ ಐರಿಷ್ ಭಾಷೆಯಿಂದ ಇಂಗ್ಲಿಷಿಗೆ ಹೋದ 'ಕೀನಿಂಗ್' ಎಂಬ ಪದವಿದೆ. ತಮಿಳರಿಗೆ ಒಪ್ಪಾರಿ ಇದೆ. ನಮ್ಮ ಹಳ್ಳಿಗಳಲ್ಲಿ 'ಹಾಡಿಕೊಂಡು ಅಳುವುದು' ಅನ್ನುತ್ತಾರೆ, ಅದನ್ನೇ ಬಳಸಿ. 'ಶೋಕಗೀತೆ ಹಾಡಿದರು' ಅಂದರೆ ಯಾರೋ ಹಾರ್ಮೋನಿಯಂ ತಂದಂತಾಗುತ್ತದೆ. 'ಗೋಳು' ಜೊತೆ ಒಂದು ಎಚ್ಚರ: 'ಗೋಳು ಹುಯ್ದುಕೊಳ್ಳು' ಅಂದರೆ ಅಳುವುದಲ್ಲ, ಇನ್ನೊಬ್ಬರನ್ನು ಕಾಡುವುದು. ಇನ್ನು 'ಆಕ್ರಂದನ ಮುಗಿಲು ಮುಟ್ಟಿತ್ತು' ಎಂಬ ವಾಕ್ಯವನ್ನು ಪತ್ರಿಕೆ, ಟೀವಿಯವರು ಎಷ್ಟು ಸವೆಸಿದ್ದಾರೆಂದರೆ ಕತೆಯಲ್ಲಿ ಅದು ಬಂದ ಕೂಡಲೇ ಓದುಗನ ಕಣ್ಣ ಮುಂದೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡುತ್ತದೆ.

ಹಳೆಯ ಇಂಗ್ಲಿಷ್ ಕತೆಗಳಲ್ಲಿ 'ಕ್ರೈಡ್' ಅನ್ನು ಎರಡು ಸಲ ನೋಡಿ. 19ನೇ ಶತಮಾನದ ಗದ್ಯದಲ್ಲಿ ಮಾತಿನ ಪಕ್ಕ ಬರುವ ಕ್ರೈಡ್ ಬಹುಪಾಲು 'ಕೂಗಿದ', 'ಉದ್ಗರಿಸಿದ' ಎಂಬರ್ಥದ್ದು. 'ವಾಟ್ ಎ ಲವ್ಲಿ ಮಾರ್ನಿಂಗ್!' ಹಿ ಕ್ರೈಡ್ ಎಂಬಲ್ಲಿ ಅವನು ಅತ್ತರೆ ಓದುಗ ಗಾಬರಿಯಾಗುತ್ತಾನೆ. ಯಂತ್ರಾನುವಾದದ ಕರಡು ಇಟ್ಟುಕೊಂಡು ತಿದ್ದುವವರು ಈ ಪದವನ್ನು ಹುಡುಕಿ ಹುಡುಕಿ ನೋಡಬೇಕು. ದೇವರ ಮುಂದಿನ ಕ್ರೈ 'ಮೊರೆಯಿಡು'.

ಈಗ ವಾಕ್ಯದ ಕಟ್ಟು. ಇಂಗ್ಲಿಷಿನಲ್ಲಿ ಮಾತು ಮೊದಲು, ಅದರ ಬಾಲದಲ್ಲಿ 'ಶಿ ಸಾಬ್ಡ್'. ಆ ಬಾಲದ ಕ್ರಿಯಾಪದ ಹೇಳುವುದನ್ನೂ ಅಳುವುದನ್ನೂ ಒಟ್ಟಿಗೆ ಮಾಡುತ್ತದೆ. 'ಎಂದು ಬಿಕ್ಕಿದಳು' ಈಚಿನ ಕನ್ನಡ ಗದ್ಯದಲ್ಲಿ ನಡೆಯುತ್ತದೆ, ತಪ್ಪೇನಲ್ಲ. ಆದರೆ ಪುಟಕ್ಕೆ ನಾಲ್ಕು ಸಲ ಬಂದರೆ ಓದುಗರಿಗೆ ಒಗ್ಗುವುದಿಲ್ಲ. ಅಳುವನ್ನು ಮಾತಿನ ಮುಂದಕ್ಕೆ ತನ್ನಿ: 'ಅವಳು ಬಿಕ್ಕುತ್ತಲೇ, "ಬೇಡ" ಅಂದಳು.' ಓದುಗನ ಕಿವಿಗೆ ದನಿ ಮೊದಲೇ ಸಿಕ್ಕಿರುತ್ತದೆ, ಮಾತನ್ನು ಆ ದನಿಯಲ್ಲೇ ಓದಿಕೊಳ್ಳುತ್ತಾನೆ. ಇಲ್ಲವೇ ಬಾಲವನ್ನು ಕತ್ತರಿಸಿ ಬೇರೆ ವಾಕ್ಯ ಮಾಡಿ.

ಕ್ರಿಯಾಪದದ ಕೊನೆಯಲ್ಲಿ ಕನ್ನಡ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅನುವಾದಕರೇ ಮರೆಯುತ್ತಾರೆ. 'ಅತ್ತಳು' ಸುಮ್ಮನೆ ವರದಿ. 'ಅತ್ತೇಬಿಟ್ಟಳು' ಅಂದರೆ ತಡೆದಿದ್ದಳು, ಇನ್ನು ಆಗಲಿಲ್ಲ. 'ಬರ್ಸ್ಟ್ ಇಂಟು ಟಿಯರ್ಸ್' ಎಂಬ ಇಡೀ ನುಡಿಗಟ್ಟು ಆ 'ಬಿಟ್ಟಳು'ವಿನಲ್ಲಿ ಕೂರುತ್ತದೆ. 'ಅತ್ತುಕೊಂಡು ಬಂದಳು' ಅಂದರೆ ದಾರಿಯುದ್ದಕ್ಕೂ ಅಳು. 'ಅತ್ತು ಅತ್ತು ನಿದ್ದೆಹೋದಳು' ಎಂಬಲ್ಲಿ 'ಕ್ರೈಡ್ ಹರ್‌ಸೆಲ್ಫ್ ಟು ಸ್ಲೀಪ್' ಏನೂ ನಷ್ಟವಿಲ್ಲದೆ ಬಂದಿದೆ. 'ಅಳಿಸು' ಎಂಬ ಪ್ರೇರಣಾರ್ಥಕ ರೂಪ ಮಾತ್ರ ಒರೆಸಿಹಾಕುವ 'ಅಳಿಸು' ಜೊತೆ ಡಿಕ್ಕಿ ಹೊಡೆಯುತ್ತದೆ. 'ಆ ನೆನಪು ಅವಳನ್ನು ಅಳಿಸಿತು' ಎಂದು ಬರೆದರೆ ಅವಳು ಇದ್ದಾಳೋ ಇಲ್ಲವೋ ಎಂದು ಅನುಮಾನ. 'ಅವಳ ಕಣ್ಣಲ್ಲಿ ನೀರು ತರಿಸಿತು' ಎಂದರೆ ಜಗಳವಿಲ್ಲ.

ಜೊತೆಗೆ, ಇಂಗ್ಲಿಷಿನಲ್ಲಿ ಮನುಷ್ಯ ಅಳುತ್ತಾನೆ, ಕನ್ನಡದಲ್ಲಿ ಅವನಿಗೆ ಅಳು ಬರುತ್ತದೆ. ಅಳು ಒತ್ತರಿಸಿ ಬಂತು, ದುಃಖ ಉಮ್ಮಳಿಸಿತು, ಕಟ್ಟೆಯೊಡೆಯಿತು. ಮನುಷ್ಯ ಮಾಡುವುದು ಅದನ್ನು ತಡೆಯುವ ಕೆಲಸವನ್ನು: ಅಳು ನುಂಗಿಕೊಂಡಳು, ತುಟಿ ಕಚ್ಚಿ ತಡೆದುಕೊಂಡಳು. 'ಫಾಟ್ ಬ್ಯಾಕ್ ಟಿಯರ್ಸ್' ಎಂಬುದನ್ನು 'ಕಣ್ಣೀರಿನೊಂದಿಗೆ ಹೋರಾಡಿದಳು' ಮಾಡುವವರು 'ಅಳು ನುಂಗಿಕೊಂಡಳು' ಎಂಬುದನ್ನು ಮನೆಯಲ್ಲಿ ಸಾವಿರ ಸಲ ಕೇಳಿರುತ್ತಾರೆ, ಬರೆಯುವಾಗ ನೆನಪಾಗುವುದಿಲ್ಲ ಅಷ್ಟೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದೇ ತಿರುವುಮುರುವಾಗುತ್ತದೆ. 'ಅವಳಿಗೆ ಅಳು ಬಂತು' ಎಂಬುದರಲ್ಲಿ ಅತ್ತಳೋ, ಅಳಬೇಕೆನಿಸಿತೋ ಎಂಬುದು ಮುಂದಿನ ವಾಕ್ಯ ಓದುವ ತನಕ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕು.

ನಿಮ್ಮ 'ಶ್ರದ್ಧೆಯಿಂದ'ಕ್ಕೆ ಬರೋಣ. ಅರ್ನೆಸ್ಟ್ ಎಂಬುದಕ್ಕೆ ನಿಘಂಟು ಶ್ರದ್ಧೆ, ಆಸಕ್ತಿ, ಪ್ರಾಮಾಣಿಕತೆ ಎಲ್ಲ ಕೊಡುತ್ತದೆ. ಶ್ರದ್ಧೆ ಪೂಜೆಗೆ, ಓದಿಗೆ, ಕೆಲಸಕ್ಕೆ. ಮಾತಿಗೆ ಬಂದಾಗ ಅರ್ನೆಸ್ಟ್ ಎಂದರೆ ಆಡುವವನು ತನ್ನ ಮಾತಿನ ಹಿಂದೆ ಪೂರ್ತಿ ನಿಂತಿದ್ದಾನೆ, ಕೇಳುವವನು ನಂಬಲಿ ಎಂದು ಹಂಬಲಿಸುತ್ತಿದ್ದಾನೆ ಎಂದರ್ಥ. ಹಿತ ಬಯಸಿ ಹೇಳಿದರೆ 'ಕಳಕಳಿಯಿಂದ', ಸಂಕಟದಲ್ಲಿ ಹೇಳಿದರೆ 'ಆರ್ತಳಾಗಿ'. ಮುಕ್ಕಾಲು ಪಾಲು ಕಡೆ ಈ ಕ್ರಿಯಾವಿಶೇಷಣವನ್ನು ಬಿಟ್ಟು ಮೈಯ ಒಂದು ವಿವರ ಕೊಡುವುದೇ ಮೇಲು: 'ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು', 'ಕೈ ಹಿಡಿದುಕೊಂಡು ಹೇಳಿದಳು'. ಅಥವಾ ಮಾತಿನೊಳಗೇ ಆ ಭಾರ ಇಳಿಸಬೇಕು.

ಬೇಡುವ ಮಾತುಗಳಲ್ಲಿ ಪದ ಆರಿಸುವುದೆಂದರೆ ಮನುಷ್ಯನ ಮಾನ ಎಷ್ಟು ಉಳಿಯಿತು ಎಂದು ತೀರ್ಮಾನಿಸುವುದು. 'ಕೇಳಿಕೊಂಡ'ದಲ್ಲಿ ಮಾನ ಪೂರ್ತಿ ಇದೆ. 'ಬೇಡಿಕೊಂಡ'ದಲ್ಲಿ ತಲೆ ಬಾಗಿದೆ. 'ಗೋಗರೆದ' ಅಂದರೆ ಒಮ್ಮೆ ಅಲ್ಲ, ಮತ್ತೆ ಮತ್ತೆ. 'ಅಂಗಲಾಚಿದ' ಅಂದಾಗ ಮಾನ ನೆಲಕ್ಕಿಳಿದಿದೆ, ಆದರೂ ಓದುಗನಿಗೆ ಕನಿಕರವಿದೆ. 'ಹಲ್ಲು ಗಿಂಜಿದ' ಅಂದರೆ ಕನಿಕರವೂ ಇಲ್ಲ. ಪ್ಲೀಡ್, ಬೆಗ್, ಇಂಪ್ಲೋರ್ ಈ ಸಾಲಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದು, ದೃಶ್ಯ ನೋಡಿ ಹೇಳಬೇಕು. ಕೋರ್ಟಿನ ಪ್ಲೀಡ್ ಮಾತ್ರ ಬೇರೆ: 'ಪ್ಲೀಡೆಡ್ ಗಿಲ್ಟಿ' ಎಂದರೆ ತಪ್ಪೊಪ್ಪಿಕೊಂಡ. ಅಲ್ಲಿ ಯಾರೂ ಅಂಗಲಾಚಿಲ್ಲ.

ಹಿಂದಿಯಿಂದ ಬರುವಾಗ ಈ ವಿಷಯದಲ್ಲಿ ಕಷ್ಟ ಕಡಿಮೆ, ಏಕೆಂದರೆ ಅವರ ಪದಗಳೂ ನಮ್ಮ ಹಾಗೆಯೇ ಸದ್ದಿನಿಂದ, ಮೈಯಿಂದ ಹುಟ್ಟಿದವು. ಸಿಸಕನಾಕ್ಕೆ ಬಿಕ್ಕು, ಬಿಲಖನಾಕ್ಕೆ ಗೋಳಾಡು ಅಥವಾ ಹಲುಬು, ಗಿಡಗಿಡಾನಾಕ್ಕೆ ಅಂಗಲಾಚು. 'ಅಪನಾ ರೋನಾ ರೋನಾ' ಎಂಬಲ್ಲಿ ಕಣ್ಣೀರಿಲ್ಲ, ಅದು 'ತನ್ನ ಗೋಳು ಹೇಳಿಕೊಳ್ಳುವುದು'. ತಮಿಳು, ಮಲಯಾಳಂಗಳಲ್ಲಿ ಹತ್ತಿರದ ಪದವೇ ಮೋಸ ಮಾಡಬಹುದು. ತಮಿಳಿನ ಅಳುವೂ ನಮ್ಮ ಅಳುವೂ ಒಂದೇ. ಹಳಗನ್ನಡದ 'ೞ' ನಮ್ಮಲ್ಲಿ 'ಳ' ಆಯಿತು, ತಮಿಳು ಉಳಿಸಿಕೊಂಡಿದೆ. ಮಲಯಾಳದ 'ಕರಯುಕ' ಮಾತ್ರ ನಮ್ಮ 'ಕರೆ'ಯ ನೆಂಟನಾದರೂ ಅರ್ಥ ಅಳುವುದು. ಅವಸರದಲ್ಲಿ ಓದಿದರೆ ಅತ್ತವಳು ಕರೆದವಳಾಗುತ್ತಾಳೆ.

ತಡವರಿಕೆಯಲ್ಲಿ ಮೂರನ್ನು ಬೇರೆ ಮಾಡಿಕೊಳ್ಳಿ. ತೊದಲು ಮಗುವಿನದು, ಕುಡಿದವನದು, ನಾಲಿಗೆ ಹೊರಳದವನದು, ಹಿಂದಿಯ ತುತಲಾನಾ. ಉಗ್ಗು ಮಾತಿನ ತೊಂದರೆ, ಹಿಂದಿಯ ಹಕಲಾನಾ. ತಡವರಿಸುವುದು ಭಯಕ್ಕೆ, ಸಂಕೋಚಕ್ಕೆ, ದುಃಖಕ್ಕೆ ಮಾತು ಸಿಗದಿರುವುದು. ಇಂಗ್ಲಿಷ್ ಕತೆಗಾರರು ಮೂರನೆಯದಕ್ಕೂ ಧಾರಾಳವಾಗಿ ಸ್ಟ್ಯಾಮರ್ ಬಳಸುತ್ತಾರೆ. ಅದನ್ನು 'ಉಗ್ಗಿದ' ಎಂದು ಮಾಡಿದರೆ ಪಾತ್ರಕ್ಕೆ ಇಲ್ಲದ ತೊಂದರೆ ಅಂಟಿಸಿದಂತೆ.

ಬರೆದು ತೋರಿಸುವ ರೀತಿಯೂ ಬೇರೆಯಾಗಬೇಕು. ಉಗ್ಗಿಗೆ ಅಕ್ಷರ ಮರುಕಳಿಸುತ್ತದೆ: 'ಗೊ-ಗೊ-ಗೊತ್ತಿಲ್ಲ'. ಇಂಗ್ಲಿಷಿನ ಹಾಗೆ ವ್ಯಂಜನವನ್ನು ಮಾತ್ರ ಕಿತ್ತು 'ಗ್-ಗ್-ಗೊತ್ತಿಲ್ಲ' ಎಂದರೆ ಕಣ್ಣಿಗೆ ಕಸ, ನಮ್ಮ ಲಿಪಿಯ ಘಟಕ ಇಡೀ ಅಕ್ಷರ. ತಡವರಿಕೆಗೆ ಪದವೇ ಮರುಕಳಿಸುತ್ತದೆ, ನಡುವೆ ಮೂರು ಚುಕ್ಕಿ, ಅಥವಾ ನಮ್ಮದೇ ತಡೆಮಾತುಗಳು: 'ಅದೂ...', 'ಏನಂದ್ರೆ...', 'ಮತ್ತೆ...'. ಇಂಗ್ಲಿಷಿನ 'ಅಮ್ಮ್', 'ಎರ್ರ್' ಹಾಗೇ ಇಳಿಸಬೇಡಿ, ಹುಡುಗಿ ಅಮ್ಮನನ್ನು ಕರೆದಳೆಂದುಕೊಳ್ಳುತ್ತಾರೆ. ಚುಕ್ಕಿಗಳನ್ನು ಪುಟಕ್ಕೆ ಎರಡು ಕಡೆ ಹಾಕಿದರೆ ಸಾಕು. ಆಮೇಲೆ ಓದುಗನೇ ತಡವರಿಸಿಕೊಂಡು ಓದುತ್ತಾನೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಾತು ಎಲ್ಲಿ ಮುರಿಯುತ್ತದೆ ಎಂಬುದು. ಇಂಗ್ಲಿಷಿನಲ್ಲಿ 'ಐ ಡಿಡಂಟ್' ಎಂದು ನಿಂತರೂ ನಿರಾಕರಣೆ ಆಗಲೇ ಹೊರಬಿದ್ದಿದೆ. ಕನ್ನಡದಲ್ಲಿ ಕ್ರಿಯೆಯೂ ನಿಷೇಧವೂ ಕೊನೆಗೆ. 'ನಾನು ಅದನ್ನು...' ಎಂದು ಹುಡುಗಿ ನಿಂತುಬಿಟ್ಟರೆ ಒಪ್ಪಿಕೊಳ್ಳಲು ಹೊರಟಳೋ ಅಲ್ಲಗಳೆಯಲು ಹೊರಟಳೋ ತಿಳಿಯದು. ಕೊಲೆಯ ಕತೆಯಲ್ಲಿ ಇದು ಇಡೀ ಕಥಾನಕವನ್ನೇ ಕೆಡಿಸಬಲ್ಲದು. ಹೆದರಿದ ಕನ್ನಡಿಗರು ನಿಜವಾಗಿ ಹೇಗೆ ಮಾತಾಡುತ್ತಾರೆ ಎಂದು ಕಿವಿಗೊಟ್ಟರೆ ಪರಿಹಾರ ಅಲ್ಲೇ ಇದೆ: ನಿಷೇಧವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಉಳಿದ ಚೂರುಗಳನ್ನು ಹಿಂದೆ ಬಿಡುತ್ತಾರೆ. 'ನಾನಲ್ಲ... ನಾನಲ್ಲ ತಗೊಂಡಿದ್ದು.'

ಈಗ ನಿಮ್ಮ ಮಾದರಿ. 'ತೆಗೆದುಕೊಳ್ಳಲಿಲ್ಲ' ಎಂಬ ಏಳಕ್ಷರದ ಗ್ರಾಂಥಿಕ ಪದವನ್ನು ಬಿಕ್ಕುತ್ತಿರುವವಳ ಬಾಯಲ್ಲಿ ಇಡಲಾಗದು, ಉಸಿರು ಸಾಲುವುದಿಲ್ಲ. 'ನಂಬಲೇಬೇಕು' ಮನೆಯೊಡತಿಗೆ ಕೊಟ್ಟ ಆಜ್ಞೆಯಂತಿದೆ. ಅಲ್ಲಿನ ಮಸ್ಟ್ ಒತ್ತಾಯದ್ದಲ್ಲ, ಆರ್ತತೆಯದ್ದು. 'ದಯವಿಟ್ಟು' ಕಚೇರಿಯ ಬೋರ್ಡಿನ ಮಾತು ('ದಯವಿಟ್ಟು ಸಾಲಿನಲ್ಲಿ ನಿಲ್ಲಿ'). ಇಂಥ ಕಡೆ ಕನ್ನಡದ ಬಾಯಿಗೆ ತಾನಾಗಿ ಬರುವುದು 'ದಮ್ಮಯ್ಯ'. ಲಂಡನ್ನಿನ ಮನೆಯಲ್ಲಿ ದಮ್ಮಯ್ಯ ಎಂದರೆ ಅಸಹಜವಲ್ಲವೇ ಎಂದು ಕೇಳಬಹುದು. 'ಕಾಲಿಗೆ ಬೀಳ್ತೀನಿ', 'ಕೈ ಮುಗೀತೀನಿ' ಖಂಡಿತ ಅಸಹಜ, ಏಕೆಂದರೆ ಅವು ಅಲ್ಲಿಲ್ಲದ ಒಂದು ಭಂಗಿಯನ್ನು ಓದುಗನಿಗೆ ಕಾಣಿಸುತ್ತವೆ. ದಮ್ಮಯ್ಯದಲ್ಲಿ ಭಂಗಿಯಿಲ್ಲ, ಬರಿಯ ದನಿ. ಅದು ಸಮುದ್ರ ದಾಟುತ್ತದೆ. ಹುಡುಗಿ ಆ ಮನೆಯವರೊಂದಿಗೆ ಬಿಗಿಯಾಗಿ, ಅಂತರವಿಟ್ಟು ಮಾತಾಡುವವಳಾಗಿದ್ದರೆ ಅದನ್ನೂ ಬಿಟ್ಟು, ಬರಿಯ 'ನಂಬಿ' ಎಂಬುದನ್ನೇ ಎರಡು ಸಲ ಹೇಳಿಸಬಹುದು.

'ನಾನಲ್ಲ... ನಾನಲ್ಲ ಮೇಡಂ ತಗೊಂಡಿದ್ದು.' ಬಿಕ್ಕಿನ ನಡುವೆ ಮಾತು ತುಂಡಾಗಿ ಬಂತು. ಕಣ್ಣೆತ್ತಿ ಅವರನ್ನೇ ನೋಡಿದಳು. 'ದಮ್ಮಯ್ಯ, ನನ್ನ ಮಾತು ನಂಬಿ.'